ಪದ ಪರಿಚಯ: ವರ್ಟ್‌ಐಒ ಫೀಚರ್ ನೆಗೋಷಿಯೇಷನ್

ವರ್ಟ್‌ಐಒ ಎಂದರೆ ವರ್ಚುವಲ್ ಮಷೀನಿಗಾಗಿಯೇ ರೂಪಿಸಿದ ಸಾಧನಗಳ ಮಾನದಂಡ. ವರ್ಚುವಲ್ ಮಷೀನಿಗೆ ಕಾಣುವ ಇಂಥ ಡಿಸ್ಕು, ನೆಟ್‌ವರ್ಕ್ ಕಾರ್ಡು ತಮಗೆ ಏನೇನು ಬರುತ್ತದೆ ಎಂಬುದನ್ನು ಒಂದೊಂದು ಬಿಟ್ಟಿನಲ್ಲಿ ಮುಂದಿಡುತ್ತವೆ. ಅದರಲ್ಲಿ ತನಗೆ ಅರ್ಥವಾಗುವಷ್ಟನ್ನು ಮಾತ್ರ ಗೆಸ್ಟಿನ (ವರ್ಚುವಲ್ ಮಷೀನಿನೊಳಗಿನ ಓಎಸ್‌ನ) ಡ್ರೈವರ್ ಬರೆದು ಒಪ್ಪಿಕೊಳ್ಳುತ್ತದೆ. ಈ ಕೊಡು-ಕೊಳ್ಳುವ ಮಾತುಕತೆಯೇ ಫೀಚರ್ ನೆಗೋಷಿಯೇಷನ್.

ಇದರಲ್ಲಿ 32ನೇ ಬಿಟ್ 'ವರ್ಷನ್ 1' ಎಲ್ಲಕ್ಕಿಂತ ಮುಖ್ಯ. ಒಪ್ಪಿದರೆ ಮಾಡರ್ನ್, ಅಂದರೆ 1.0 ಮತ್ತು ಅನಂತರದ್ದು, ಇಲ್ಲದಿದ್ದರೆ ಲೆಗಸಿ, ಅಂದರೆ 1.0ಕ್ಕಿಂತ ಹಳೆಯ ರೀತಿ. ಲೆಗಸಿ ರಿಜಿಸ್ಟರಿನ ಅಗಲವೇ 32 ಬಿಟ್, 0ರಿಂದ 31ರವರೆಗೆ. ಹಾಗಾಗಿ ಹಳೆಯ ಡ್ರೈವರಿಗೆ ಈ ಬಿಟ್ ಕಣ್ಣಿಗೇ ಬೀಳುವುದಿಲ್ಲ. ಎರಡನ್ನೂ ಬಲ್ಲ ಸಾಧನ ಟ್ರಾನ್ಸಿಷನಲ್.

ಮಾಡರ್ನ್ ಡ್ರೈವರ್ ಮೊದಲು ರೀಸೆಟ್ ಮಾಡಿ, ಸ್ಟೇಟಸ್‌ಗೆ 1 (ಸಾಧನ ಕಂಡಿತು), ಆಮೇಲೆ 2 (ನಡೆಸಬಲ್ಲೆ) ಸೇರಿಸಿ, ಫೀಚರ್‌ಗಳನ್ನು ಓದಿ, ಬೇಕಾದವನ್ನು ಬರೆದು, 8 (ಫೀಚರ್ಸ್ ಓಕೆ) ಹಾಕುತ್ತದೆ. ತಕ್ಷಣ ಸ್ಟೇಟಸ್ ಮತ್ತೆ ಓದಲೇಬೇಕು: 8 ಉಳಿದಿಲ್ಲವೆಂದರೆ ಸಾಧನ ಒಪ್ಪಿಲ್ಲ. ದತ್ತಾಂಶ ಸಾಗುವ ಕ್ಯೂಗಳು ಸಿದ್ಧವಾದ ಮೇಲೆ ಕೊನೆಗೆ 4 (ಡ್ರೈವರ್ ಓಕೆ). ಲೆಗಸಿಯಲ್ಲಿ ಆ 8ರ ಹಂತವೇ ಇಲ್ಲ.

ಈ ಒಂದು ಬಿಟ್ ದತ್ತಾಂಶದ ಆಕಾರವನ್ನೇ ಬದಲಿಸುತ್ತದೆ. ಪ್ರತಿ ಪ್ಯಾಕೆಟ್ಟಿನ ಮುಂದೆ ಬರುವ ನೆಟ್ ಹೆಡರ್ ಮಾಡರ್ನ್‌ನಲ್ಲಿ ಸಾಮಾನ್ಯವಾಗಿ 12 ಬೈಟ್. ಲೆಗಸಿಯಲ್ಲಿ ಮರ್ಜ್ಡ್ ಬಫರ್ (ಒಂದು ಪ್ಯಾಕೆಟ್ ಹಲವು ಬಫರ್‌ಗಳಲ್ಲಿ ಬರುವ ಸೌಲಭ್ಯ) ಒಪ್ಪದಿದ್ದರೆ 10. ಒಂದು ಕಡೆಯವರು ತಪ್ಪಾಗಿ ಎಣಿಸಿದರೆ ಪ್ರತಿ ಪ್ಯಾಕೆಟ್ಟೂ ಎರಡು ಬೈಟ್ ಸರಿದು ಕಸವಾಗುತ್ತದೆ. ಬೈಟ್‌ಗಳ ಕ್ರಮವೂ ಬೇರೆ: ಮಾಡರ್ನ್ ಯಾವಾಗಲೂ ಲಿಟಲ್ ಎಂಡಿಯನ್ (ಕಿರಿಯ ಬೈಟ್ ಮೊದಲು), ಲೆಗಸಿ ಗೆಸ್ಟಿನ ಕ್ರಮದ್ದು. ಬಿಗ್ ಎಂಡಿಯನ್ (ಹಿರಿಯ ಬೈಟ್ ಮೊದಲು) ಗೆಸ್ಟು ಆ 32ನೇ ಬಿಟ್ ಬರೆಯುವ ಮೊದಲೇ ಸಾಧನದ ಕಾನ್ಫಿಗ್ ಓದಿದರೆ, ಸಾಧನ ಇನ್ನೂ ಲೆಗಸಿ ಎಂದೇ ತಿಳಿದಿರುವುದರಿಂದ, 1500ರ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 56325 ಆಗಿ ಕಾಣಬಹುದು. ಲಿನಕ್ಸ್‌ನಲ್ಲಿ ಇಂಥ ದೋಷವೇ ಇತ್ತು. 2021ರಲ್ಲಿ 'ವರ್ಷನ್ 1' ಅನ್ನು ಮುಂಚಿತವಾಗಿ ಬರೆಯುವಂತೆ ಮಾಡಿ ಸರಿಪಡಿಸಿದರು.

ಆದರೆ ನಮ್ಮ ಕಡೆ ಹೆಚ್ಚಾಗಿ ಕಾಡುವ ತೊಂದರೆ ಮಾತುಕತೆ ಶುರುವಾಗುವ ಮೊದಲಿನದು. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರ ಹಳೆಯ ಲೆಕ್ಕದ ತಂತ್ರಾಂಶ ಸೆಂಟ್‌ಒಎಸ್ 6 ಎಂಬ ಹಳೆಯ ಲಿನಕ್ಸ್‌ನಲ್ಲಿದೆ, ಅದನ್ನು ಕ್ಯೂಇಎಂಯು (ವರ್ಚುವಲ್ ಮಷೀನ್ ನಡೆಸುವ ತಂತ್ರಾಂಶ) ಕೊಡುವ ಕ್ಯೂ35 ಎಂಬ ಪಿಸಿಐ ಎಕ್ಸ್‌ಪ್ರೆಸ್ ಮಾದರಿಯ ಮಷೀನಿಗೆ ಸಾಗಿಸಿದಿರಿ ಎನ್ನಿ. ಪಿಸಿಐ ಎಕ್ಸ್‌ಪ್ರೆಸ್ ರೂಟ್ ಪೋರ್ಟಿಗೆ ಸಿಕ್ಕಿಸಿದ ಸಾಧನದಲ್ಲಿ ಲೆಗಸಿ ಡೀಫಾಲ್ಟ್ ಆಗಿ ಆಫ್. ಆಗ ಡಿಸ್ಕಿನ ಪಿಸಿಐ ಐಡಿ (ಸಾಧನ ಯಾವುದೆಂದು ಹೇಳುವ ಸಂಖ್ಯೆ) 1042 (ಹೆಕ್ಸ್). ಹಳೆಯ ಡ್ರೈವರ್ ಹುಡುಕುವುದು 1000ರಿಂದ 103ಎಫ್‌ವರೆಗೆ ಮಾತ್ರ. ರೂಟ್ ಡಿಸ್ಕ್ ಸಿಗದೆ ಬೂಟ್ ನಿಲ್ಲುತ್ತದೆ. ಫೀಚರ್ ಬಿಟ್‌ಗಳನ್ನು ಎಷ್ಟು ತಿರುವಿದರೂ ಇಲ್ಲಿ ಪ್ರಯೋಜನವಿಲ್ಲ. ವರ್ಚುವಲ್ ಮಷೀನ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ ಡಿಸ್ಕಿನ ಮಾಡೆಲ್ ಅನ್ನು 'ವರ್ಟ್‌ಐಒ-ಟ್ರಾನ್ಸಿಷನಲ್' ಎಂದು ಕೊಡಿ. ಅದು ಸಾಧನವನ್ನು ಸಾದಾ ಪಿಸಿಐ ಸ್ಲಾಟಿನಲ್ಲಿ ಕೂರಿಸುತ್ತದೆ.

ಹೊಸ ಲಿನಕ್ಸ್ ಗೆಸ್ಟಿನಲ್ಲಿ ಏನು ಇತ್ಯರ್ಥವಾಯಿತೆಂದು ನೋಡಲು ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಮಾಹಿತಿ ತೋರಿಸುವ /sys ಫೋಲ್ಡರ್) ಆಯಾ ವರ್ಟ್‌ಐಒ ಸಾಧನದ 'ಫೀಚರ್ಸ್' ಫೈಲ್ ತೆರೆಯಿರಿ. ಎಣಿಕೆ ಸೊನ್ನೆಯಿಂದ, ಆದ್ದರಿಂದ ಎಡದಿಂದ 33ನೇ ಅಂಕಿ 1 ಇದ್ದರೆ ಮಾಡರ್ನ್.