ಅಯೋನೈಸರ್ ಫ್ಯಾನ್ ತಿರುಗುತ್ತಿದೆ, ಕೆಲಸ ಮಾಡುತ್ತಿದೆಯಾ?

ಪ್ರಶ್ನೆ: ಸರ್, ಬಳ್ಳಾರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಟೇಬಲ್ ಮೇಲೆ ಸ್ಟ್ಯಾಟಿಕ್ ಚಾರ್ಜ್ ತೆಗೆಯೋ ಅಯೋನೈಸರ್ ಬ್ಲೋವರ್ ಇದೆ. ಫ್ಯಾನ್ ತಿರುಗುತ್ತೆ, ಹಸಿರು ಲೈಟೂ ಉರಿಯುತ್ತೆ. ಆದರೂ ಬೇಸಿಗೆ ಬಂದ್ರೆ ಡಿಸ್‌ಪ್ಲೇ ಒಳಗೆ ಧೂಳು ಅಂಟೋದು ತಪ್ಪಲ್ಲ. ಮಷಿನ್ ಸರಿ ಇದೆಯಾ ಅಂತ ತಿಳಿಯೋದು ಹೇಗೆ? ಎಷ್ಟು ದಿನಕ್ಕೊಮ್ಮೆ ಕ್ಲೀನ್ ಮಾಡಬೇಕು?

ಉತ್ತರ: ಲೈಟ್ ನೋಡಿ ಏನನ್ನೂ ನಂಬಬೇಡಿ. ಬಹಳಷ್ಟು ಬ್ಲೋವರ್‌ಗಳಲ್ಲಿ ಆ ಲೈಟ್ ಹೇಳುವುದು ಕರೆಂಟ್ ಬಂದಿದೆ ಎಂದಷ್ಟೇ. ಟೇಬಲ್‌ವರೆಗೆ ಅಯಾನ್‌ಗಳು (ಪ್ಲಸ್ ಇಲ್ಲವೇ ಮೈನಸ್ ಚಾರ್ಜ್ ಇರುವ ಗಾಳಿಯ ಕಣಗಳು) ಬರುತ್ತಿವೆಯೇ, ಪ್ಲಸ್ಸು ಮೈನಸ್ಸು ಸಮ ಇವೆಯೇ ಎಂಬುದನ್ನು ಅಳತೆ ಮಾಡಿಯೇ ತಿಳಿಯಬೇಕು.

ಬ್ಲೋವರ್ ಒಳಗೆ ಚೂಪಾದ ಸೂಜಿಗಳಿರುತ್ತವೆ. ಅವಕ್ಕೆ ಸಾವಿರಾರು ವೋಲ್ಟ್ ಕೊಟ್ಟಾಗ ಸೂಜಿ ತುದಿಯ ಗಾಳಿ ಅಯಾನ್ ಆಗುತ್ತದೆ, ಫ್ಯಾನ್ ಅದನ್ನು ಮುಂದಕ್ಕೆ ತಳ್ಳುತ್ತದೆ. ಡಿಸ್‌ಪ್ಲೇ ಮೇಲಿನ ಫಿಲ್ಮ್ ಕಿತ್ತಾಗ ಗಾಜಿನ ಮೇಲೆ ಚಾರ್ಜ್ ಕೂರುತ್ತದೆ, ಅದು ಧೂಳನ್ನು ಎಳೆಯುತ್ತದೆ. ಗಾಜು, ಪ್ಲಾಸ್ಟಿಕ್‌ಗೆ ಅರ್ಥಿಂಗ್ ವೈರ್ ಕೊಟ್ಟರೂ ಆ ಚಾರ್ಜ್ ಹರಿದು ಹೋಗುವುದಿಲ್ಲ. ಅದನ್ನು ಅಯಾನ್ ಗಾಳಿಯೇ ತೆಗೆಯಬೇಕು. ನಿಮ್ಮ ಮೈಯ ಚಾರ್ಜ್‌ಗೆ ಮಾತ್ರ ರಿಸ್ಟ್ ಸ್ಟ್ರಾಪ್ (ಮೈಯನ್ನು ಅರ್ಥಿಂಗ್‌ಗೆ ಜೋಡಿಸುವ ಮಣಿಕಟ್ಟಿನ ಪಟ್ಟಿ) ಬೇಕೇ ಬೇಕು. ಅಯೋನೈಸರ್ ಇದೆ ಅಂತ ಅದನ್ನು ಬಿಚ್ಚಿಡಬೇಡಿ. ಕೈಗೆ ಚುರುಕ್ ಅನ್ನಿಸಬೇಕಾದರೆ ಸುಮಾರು 3000 ವೋಲ್ಟ್ ಬೇಕು, ಆದರೆ ಕೆಲವು ಐಸಿಗಳು (ಬೋರ್ಡ್ ಮೇಲಿನ ಚಿಪ್‌ಗಳು) 100 ವೋಲ್ಟ್‌ಗೂ ಕಡಿಮೆಯಲ್ಲಿ ಸಾಯುತ್ತವೆ.

ಕಾಲ ಕಳೆದಂತೆ ಸೂಜಿ ತುದಿಗೆ ಕೊಳೆ ಹಿಡಿಯುತ್ತದೆ. ಬ್ಲೋವರ್ ಆಫ್ ಮಾಡಿ ಪ್ಲಗ್ ಕಿತ್ತು, ಸೂಜಿ ತೆಗೆಯಲು ಬರುವ ಮಾಡೆಲ್ ಆದರೆ ಒಂದನ್ನು ನಿಮ್ಮ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿ. ತುದಿಗೆ ಬಿಳಿ ಬೂಸ್ಟಿನಂಥದ್ದು ಮೆತ್ತಿರುತ್ತದೆ. ನಿಮ್ಮೂರಿನ ಕೆಂಪು ಧೂಳು, ಫ್ಲಕ್ಸ್ ಹೊಗೆ ಸೇರಿದರೆ ಇನ್ನೂ ಬೇಗ ಮೆತ್ತುತ್ತದೆ. ಆಗ ಅಯಾನ್ ಕಡಿಮೆಯಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಪ್ಲಸ್ಸು ಮೈನಸ್ಸು ಸಮವಾಗಿ ಬರದೆ ಒಂದು ಹೆಚ್ಚು, ಇನ್ನೊಂದು ಕಡಿಮೆ ಬರುತ್ತದೆ. ಆಗ ಚಾರ್ಜ್ ತೆಗೆಯಬೇಕಾದ ಮಷಿನ್ನೇ ಬೋರ್ಡ್ ಮೇಲೆ ಚಾರ್ಜ್ ಕೂರಿಸುತ್ತದೆ.

ಅಳೆಯುವುದಕ್ಕೆ ಚಾರ್ಜ್ ಪ್ಲೇಟ್ ಮಾನಿಟರ್ ಅಂತ ಇದೆ. 15 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ಒಂದು ಲೋಹದ ಪ್ಲೇಟು, ಚಾರ್ಜ್ ಹಿಡಿಯುವ ಅದರ ಸಾಮರ್ಥ್ಯ 20 ಪಿಕೋಫ್ಯಾರಡ್. ಅದಕ್ಕೆ 1000 ವೋಲ್ಟ್ ಕೊಟ್ಟು ಬ್ಲೋವರ್ ಮುಂದೆ ಇಡುತ್ತಾರೆ. 100ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಎಂದು ನೋಡುತ್ತಾರೆ. ಒಮ್ಮೆ ಪ್ಲಸ್, ಒಮ್ಮೆ ಮೈನಸ್, ಎರಡೂ ಮಾಡಲೇಬೇಕು. ಒಂದು ಬೇಗ ಇಳಿದು ಇನ್ನೊಂದು ಎಳೆದಾಡಿದರೆ ಸಮತೋಲ ತಪ್ಪಿದೆ ಎಂದರ್ಥ. ಆಮೇಲೆ ಪ್ಲೇಟನ್ನು ಸೊನ್ನೆಗೆ ತಂದು ಗಾಳಿಗೆ ಬಿಡಿ. ಅದು ನಿಲ್ಲುವ ವೋಲ್ಟೇಜೇ ಆಫ್‌ಸೆಟ್. ಎಸ್20.20 ಎಂಬ ಇಎಸ್‌ಡಿ (ಸ್ಟ್ಯಾಟಿಕ್ ಚಾರ್ಜ್ ಹಠಾತ್ತನೆ ಹರಿಯುವುದು) ತಡೆಯುವ ಸ್ಟ್ಯಾಂಡರ್ಡ್ ಪ್ರಕಾರ ಅದು ಪ್ಲಸ್ ಅಥವಾ ಮೈನಸ್ 35 ವೋಲ್ಟ್ ಒಳಗಿರಬೇಕು. ಎಷ್ಟು ಸೆಕೆಂಡ್‌ನಲ್ಲಿ ಇಳಿಯಬೇಕು ಎಂಬುದನ್ನು ಮಾತ್ರ ಬಳಸುವವರಿಗೇ ಬಿಟ್ಟಿದ್ದಾರೆ. ಫಿಲ್ಮ್ ಕಿತ್ತು ಡಿಸ್‌ಪ್ಲೇ ಕೂರಿಸಲು ನಿಮಗೆ ಐದು ಸೆಕೆಂಡ್ ಸಾಕಾದರೆ, ಹನ್ನೆರಡು ಸೆಕೆಂಡ್ ತೆಗೆದುಕೊಳ್ಳುವ ಬ್ಲೋವರ್ ಇದ್ದೂ ಇಲ್ಲದಂತೆ. ಅಲ್ವಾ? ಪ್ಲೇಟನ್ನು ನೀವು ಕೆಲಸ ಮಾಡುವ ಜಾಗದಲ್ಲೇ ಇಡಿ, ಪ್ರತಿ ಸಲ ಅದೇ ದೂರದಲ್ಲಿ.

ಈ ಮಾನಿಟರ್ ಸಣ್ಣ ಅಂಗಡಿಗೆ ದುಬಾರಿ. ತಾಗಿಸದೆಯೇ ಸ್ಟ್ಯಾಟಿಕ್ ಅಳೆಯುವ, ಕೈಯಲ್ಲಿ ಹಿಡಿಯುವ ಫೀಲ್ಡ್ ಮೀಟರ್‌ಗೆ ಸಣ್ಣ ಪ್ಲೇಟ್ ಕಿಟ್ ಸಿಗುತ್ತದೆ, ದಿನನಿತ್ಯದ ಚೆಕ್‌ಗೆ ಸಾಕು. ನಾಲ್ಕು ಅಂಗಡಿಯವರು ಸೇರಿ ಒಂದು ತಗೊಂಡರೂ ಆಯಿತು. ಸ್ಕೇಲ್ ಉಜ್ಜಿ ಕಾಗದದ ಚೂರು ಎತ್ತಿಸುವ ಪರೀಕ್ಷೆ ಬೇಡ, ಅದರಲ್ಲಿ ಆಫ್‌ಸೆಟ್ ಗೊತ್ತಾಗುವುದಿಲ್ಲ.

ಒಂದು ಮಾತು ಖಂಡಿತ ಪಾಲಿಸಿ: ಕ್ಲೀನ್ ಮಾಡುವ ಮೊದಲೇ ಅಳೆಯಿರಿ. ಎಲ್ಲರೂ ಮೊದಲು ಒರೆಸಿ ಆಮೇಲೆ ಅಳೆಯುತ್ತಾರೆ, ರೀಡಿಂಗ್ ಚೆನ್ನಾಗೇ ಬರುತ್ತದೆ. ಆದರೆ ಇಷ್ಟು ದಿನ ಅದು ಹೇಗಿತ್ತು ಎಂಬುದು ಅಳಿಸಿಹೋಯಿತು. ಕ್ಲೀನ್ ಮಾಡುವ ಮುಂಚಿನ ರೀಡಿಂಗ್, ಆಮೇಲಿನದು, ತಾರೀಖು, ಮೂರನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ವಾರಕ್ಕೊಮ್ಮೆಯಿಂದ ಶುರು ಮಾಡಿ. ಮುಂಚಿನ ರೀಡಿಂಗ್ ಸರಿ ಇದ್ದರೆ ಅಂತರ ಹೆಚ್ಚಿಸಿ, ಕೆಟ್ಟಿದ್ದರೆ ಇಳಿಸಿ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಕೊಡುವುದು ಆ ನೋಟ್‌ಬುಕ್ಕೇ.

ಕ್ಲೀನಿಂಗ್ ಕಷ್ಟವಲ್ಲ. ಪ್ಲಗ್ ಕಿತ್ತ ಮೇಲೆ ಐಪಿಎ (ಐಸೋಪ್ರೊಪೈಲ್ ಆಲ್ಕೋಹಾಲ್) ಹಚ್ಚಿದ ಸ್ವಾಬ್‌ನಿಂದ ಸೂಜಿ ತುದಿ ಒರೆಸಿ. ಬೆರಳು ತಾಗಿಸಬೇಡಿ, ಬಗ್ಗಿಸಬೇಡಿ, ಸ್ಯಾಂಡ್‌ಪೇಪರ್ ಅಂತೂ ಬೇಡವೇ ಬೇಡ. ಐಪಿಎ ಪೂರ್ತಿ ಆರಿದ ಮೇಲೆಯೇ ಆನ್ ಮಾಡಿ, ಅದಕ್ಕೆ ಬೆಂಕಿ ಹತ್ತುತ್ತದೆ. ಹಿಂದಿನ ಫಿಲ್ಟರ್ ತೊಳೆಯುವಂಥದ್ದಾದರೆ ತೊಳೆದು ಒಣಗಿಸಿ.

ಬೇಸಿಗೆಯಲ್ಲಿ ಧೂಳು ಜಾಸ್ತಿ ಅಂಟುವುದಕ್ಕೆ ಒಣಗಾಳಿಯೂ ಕಾರಣ. ತೇವ ಇಲ್ಲದಾಗ ಚಾರ್ಜ್ ಸುಲಭವಾಗಿ ಕರಗುವುದಿಲ್ಲ. ಆದರೆ ತೇವಕ್ಕೆಂದು ಹಾಕಿದ ಕೂಲರ್ ಗಾಳಿ ನೇರವಾಗಿ ಟೇಬಲ್ ಮೇಲೆ ಬೀಸಿದರೆ ಅಯಾನ್ ಗಾಳಿ ಪಕ್ಕಕ್ಕೆ ಹೋಗಿಬಿಡುತ್ತದೆ, ಕೂಲರನ್ನು ಬೇರೆ ಕಡೆ ತಿರುಗಿಸಿ. ಅರ್ಥಿಂಗ್ ಕೂಡ ನೋಡಿಸಿ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಅರ್ಥಿಂಗ್ ಗುಂಡಿ ಒಣಗಿರುತ್ತದೆ, ನೀರು ಹಾಕಿಸಬೇಕು. ಮೂರನೇ ಪಿನ್‌ಗೆ ಅರ್ಥಿಂಗ್ ಸಿಗದಿದ್ದರೆ ಆಫ್‌ಸೆಟ್ ಕೆಡಬಹುದು.

ಮನೆಗೆ ಮಾರುವ ಏರ್ ಪ್ಯೂರಿಫೈಯರ್ ಅಯೋನೈಸರನ್ನು ಈ ಕೆಲಸಕ್ಕೆ ತರಬೇಡಿ. ಅದರಲ್ಲಿ ಹೆಚ್ಚಿನವು ಬರೀ ಮೈನಸ್ ಅಯಾನ್ ಬಿಡುತ್ತವೆ, ಬೋರ್ಡ್‌ಗೆ ಚಾರ್ಜ್ ಏರುತ್ತದೆ.

ಸೂಜಿ ಕ್ಲೀನ್ ಮಾಡಿದರೂ ಆಫ್‌ಸೆಟ್ 35 ಒಳಗೆ ಬರದಿದ್ದರೆ ಪ್ಲಸ್ಸು ಮೈನಸ್ಸು ಸಮ ಮಾಡುವ ಬ್ಯಾಲೆನ್ಸ್ ಸ್ಕ್ರೂ ಇದ್ದರೆ ತಿರುಗಿಸಿ ನೋಡಿ. ಆಗಲೂ ಬರದಿದ್ದರೆ ತುದಿ ಮೊಂಡಾಗಿರಬಹುದು, ಸೂಜಿಗಳ ಪೂರ್ತಿ ಸೆಟ್ ಬದಲಿಸಿ, ಮತ್ತೆ ಅಳೆಯಿರಿ. ಹೊಸ ಸೂಜಿಗೂ ಜಗ್ಗದಿದ್ದರೆ ಹೈ ವೋಲ್ಟೇಜ್ ಸಪ್ಲೈ ಕೆಟ್ಟಿರಬೇಕು. ಅದನ್ನು ನೀವು ಬಿಚ್ಚಬೇಡಿ, ಕಂಪನಿ ಸರ್ವಿಸ್‌ಗೆ ಕಳಿಸಿ.