ಪದಕ ನೋಡಿ ಸೈನಿಕನ ಸೇವೆ ತಿಳಿಯುವುದು: ಮೊದಲ ಮಹಾಯುದ್ಧದ ಬ್ರಿಟಿಷ್ ಸಿಪಾಯಿ

1940ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಬಾಂಬ್ ದಾಳಿಗೆ ಲಂಡನ್ನಿನ ಆರ್ನ್‌ಸೈಡ್ ಬೀದಿಯ ದಾಖಲೆ ಉಗ್ರಾಣ ಹೊತ್ತಿ ಉರಿಯಿತು. ಮೊದಲ ಮಹಾಯುದ್ಧದ ಬ್ರಿಟಿಷ್ ಸಿಪಾಯಿಗಳ ಸೇವಾ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿ ಸುಟ್ಟುಹೋದವು. ಆದ್ದರಿಂದ ಸಾಮಾನ್ಯ ಸಿಪಾಯಿಯ ಯುದ್ಧಜೀವನ ಹುಡುಕುವವರ ಕೈಗೆ ಎಷ್ಟೋ ಸಲ ಸಿಗುವುದು ಅವನ ಪದಕಗಳು ಮತ್ತು ಅವನ್ನು ಹಂಚಲು ಸೇನೆ ಬರೆದಿಟ್ಟ ಸೂಚಿ ಕಾರ್ಡು ಮಾತ್ರ. ಅಷ್ಟರಿಂದಲೇ ಎಷ್ಟೊಂದು ತಿಳಿಯುತ್ತದೆ!

ಇವು ಶೌರ್ಯಪದಕಗಳಲ್ಲ, ಯುದ್ಧಸೇವಾ ಪದಕಗಳು. ಯಾವಾಗ, ಎಲ್ಲಿ ಸೇವೆ ಸಲ್ಲಿಸಿದ ಎನ್ನುವುದೇ ಅರ್ಹತೆ. ಹಾಗಾಗಿ ದಿನಾಂಕಗಳನ್ನು ಮನನ ಮಾಡಿಕೊಳ್ಳಲೇಬೇಕು.

1914ರ ಸ್ಟಾರ್ ಎಂಬ ನಕ್ಷತ್ರಾಕಾರದ ಪದಕ ಸಿಕ್ಕಿದ್ದು 1914ರ ಆಗಸ್ಟ್ 5ರಿಂದ ನವೆಂಬರ್ 22ರ ನಡುರಾತ್ರಿಯೊಳಗೆ ಫ್ರಾನ್ಸ್ ಅಥವಾ ಬೆಲ್ಜಿಯಂನಲ್ಲಿ ಸೇವೆಯಲ್ಲಿದ್ದವರಿಗೆ. ಶತ್ರುವಿನ ಗುಂಡಿಗೆ ಎದುರಾದವರಿಗೆ ಮುಂದೆ ಅದರ ರಿಬ್ಬನ್ ಮೇಲೆ ದಿನಾಂಕವುಳ್ಳ ಪಟ್ಟಿಯನ್ನೂ ಕೊಟ್ಟರು. ಈ ಸ್ಟಾರ್ ಸಿಗದೆ, 1915ರ ಡಿಸೆಂಬರ್ 31ರೊಳಗೆ ಯಾವುದಾದರೂ ರಣರಂಗಕ್ಕೆ ಇಳಿದವನಿಗೆ 1914–15ರ ಸ್ಟಾರ್. ಒಬ್ಬನಿಗೆ ಎರಡೂ ಸಿಗುವುದಿಲ್ಲ. ಎರಡಕ್ಕೂ ಒಂದೇ ಬಣ್ಣದ ರಿಬ್ಬನ್ ಇರುವುದರಿಂದ ನಡುವಿನ ಬರಹವನ್ನು ಓದಿಯೇ ನಿರ್ಧರಿಸಬೇಕು. ಉಳಿದವು ಬೆಳ್ಳಿಯ ಬ್ರಿಟಿಷ್ ಯುದ್ಧ ಪದಕ ಮತ್ತು ಕಾಮನಬಿಲ್ಲಿನ ಬಣ್ಣದ ರಿಬ್ಬನ್ನಿನ ವಿಜಯ ಪದಕ.

ನನಗೆ ಅತಿ ಮುಖ್ಯವೆನಿಸುವುದು ಕೆತ್ತಿದ ಬರಹ. ಸ್ಟಾರ್‌ನ ಹಿಂಬದಿಯಲ್ಲಿ, ಮಿಕ್ಕೆರಡರ ಅಂಚಿನಲ್ಲಿ, ಸೈನಿಕನ ಸಂಖ್ಯೆ, ದರ್ಜೆ, ಹೆಸರು, ರೆಜಿಮೆಂಟ್ ಇರುತ್ತವೆ. ಸ್ಟಾರ್‌ನಲ್ಲಿ ಸಾಮಾನ್ಯವಾಗಿ ರಣರಂಗಕ್ಕೆ ಕಾಲಿಟ್ಟಾಗಿನ ದರ್ಜೆ ಇರುತ್ತದೆ. ಅದರಲ್ಲಿ ಪ್ರೈವೇಟ್ (ಸಾಮಾನ್ಯ ಸಿಪಾಯಿ) ಎಂದಿದ್ದು ವಿಜಯ ಪದಕದ ಅಂಚಿನಲ್ಲಿ ಸಾರ್ಜೆಂಟ್ ಎಂದಿದ್ದರೆ, ನಡುವೆ ಬಡ್ತಿ ಸಿಕ್ಕಿದೆ. ಸಂಖ್ಯೆ ಬೇರೆಯಾಗಿದ್ದರೆ ಇನ್ನೊಬ್ಬನ ಪದಕವೆಂದು ಗಾಬರಿಯಾಗಬೇಡಿ: 1917ರಲ್ಲಿ ಟೆರಿಟೋರಿಯಲ್ ಪಡೆಯವರಿಗೆಲ್ಲ, ಅಂದರೆ ಅರೆಕಾಲಿಕ ಸ್ವಯಂಸೇವಕರ ಸೇನೆಯವರಿಗೆಲ್ಲ, ಹೊಸ ಸಂಖ್ಯೆ ಬಂತು. ರೆಜಿಮೆಂಟ್ ಬದಲಾದಾಗಲೂ ಸಂಖ್ಯೆ ಬದಲಾಗುತ್ತಿತ್ತು.

ಇಲ್ಲದ ಪದಕವೂ ಸಾಕ್ಷಿಯೇ. ಬ್ರಿಟಿಷ್ ಯುದ್ಧ ಪದಕ ಒಂದೇ ಇದ್ದರೆ ಅವನು ದೇಶ ಬಿಟ್ಟು ಹೋಗಿದ್ದ, ಆದರೆ ರಣರಂಗ ಮುಟ್ಟಲಿಲ್ಲ ಎಂದು ಊಹಿಸಬಹುದು. 1914ರ ಕೊನೆಯಲ್ಲಿ ಹಲವು ಟೆರಿಟೋರಿಯಲ್ ಬೆಟಾಲಿಯನ್‌ಗಳು ಕಾಯಂ ಪಡೆಗಳನ್ನು ಬಿಡುವು ಮಾಡಿಸಲು ಭಾರತದ ದಂಡುಗಳಿಗೆ ಬಂದವು. ಇಲ್ಲಿನ ಕಾವಲಿನಲ್ಲೇ ಯುದ್ಧ ಕಳೆದವರಿಗೆ, ಮನೆ ಬಿಟ್ಟು ನಾಲ್ಕು ವರ್ಷ ಕಳೆದರೂ, ಸ್ಟಾರ್ ಸಿಗಲಿಲ್ಲ. ಅವರನ್ನು ನೆನೆದಾಗ ಈ ನಿಯಮ ಕಠೋರವೆನಿಸುತ್ತದೆ.

ಅಭ್ಯಾಸಕ್ಕೆ ನಮ್ಮ ಮೈಸೂರು ಲ್ಯಾನ್ಸರ್ಸ್ ಅನ್ನು ತೆಗೆದುಕೊಳ್ಳಿ. ಭಾರತೀಯ ಸೈನಿಕರಿಗೂ ಇವೇ ಪದಕಗಳಿದ್ದವು. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆಲ್ಲುವಲ್ಲಿ ಪಾಲ್ಗೊಂಡ ಈ ಕುದುರೆಪಡೆ 1914ರಲ್ಲಿಯೇ ಹಡಗೇರಿತ್ತು. ಆದರೆ ಹೋದದ್ದು ಈಜಿಪ್ಟಿಗೆ, ಫ್ರಾನ್ಸಿಗಲ್ಲ. ಆದ್ದರಿಂದ ಆ ಮೊದಲ ತಂಡದ ಸವಾರನ ಪದಕಗಳಲ್ಲಿ ಹುಡುಕಬೇಕಾದದ್ದು 1914–15ರ ಸ್ಟಾರ್.