ವೆಂಟಿಲೇಟರ್ ತೆಗೆದರೆ ಕೊಂದ ಹಾಗಾ?

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಜೋರಾಗಿ ಹಬ್ಬಿತ್ತು. ಉಸಿರಾಟದ ಸ್ನಾಯುಗಳೇ ಸೋತು ಮಕ್ಕಳು ಒಬ್ಬರ ಹಿಂದೊಬ್ಬರು ಸಾಯುತ್ತಿದ್ದರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಹೊಸ ದಾರಿ ಹಿಡಿದರು. ಗಂಟಲಲ್ಲಿ ತೂತು ಮಾಡಿ, ಕೊಳವೆ ಇಟ್ಟು, ರಬ್ಬರ್ ಚೀಲ ಒತ್ತಿ ಶ್ವಾಸಕೋಶಕ್ಕೆ ಗಾಳಿ ತುಂಬಿಸಿದರು. ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿ ಆ ಚೀಲ ಒತ್ತುತ್ತಾ ಕೂತರು. ಎಷ್ಟೋ ಜೀವಗಳು ಉಳಿದವು. ಇವತ್ತಿನ ಐಸಿಯು ಹುಟ್ಟಿದ್ದು ಹೆಚ್ಚೂಕಡಿಮೆ ಅಲ್ಲೇ.

ಅದರ ಜೊತೆಗೆ ಹಿಂದೆಂದೂ ಇಲ್ಲದ ಒಂದು ಪ್ರಶ್ನೆಯೂ ಹುಟ್ಟಿತು. ಮಿದುಳು ಪೂರ್ತಿ ಹಾಳಾಗಿದೆ, ಎಚ್ಚರವಾಗುವ ಆಸೆಯೇ ಇಲ್ಲ, ಆದರೆ ಯಂತ್ರ ಎದೆಯನ್ನು ಏರಿಳಿಸುತ್ತಲೇ ಇದೆ. ನಿಲ್ಲಿಸಬಹುದೇ? ನಿಲ್ಲಿಸಿದ ವೈದ್ಯ ಕೊಲೆಗಾರನಾಗುತ್ತಾನೆಯೇ? ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಅರಿವಳಿಕೆ ತಜ್ಞ ಬ್ರೂನೋ ಹೈಡ್ ಇದನ್ನು ನೇರವಾಗಿ ಕ್ಯಾಥೊಲಿಕ್ ಚರ್ಚಿನ ಮುಖ್ಯಸ್ಥ ಪೋಪ್ 12ನೇ ಪಯಸ್ ಅವರನ್ನೇ ಕೇಳಿದರು. 1957ರ ನವೆಂಬರ್ 24ರಂದು ಪೋಪ್ ಉತ್ತರ ಕೊಟ್ಟರು.

ಕೊನೆಯ ಉಸಿರಿನವರೆಗೂ ಇರುವ ಚಿಕಿತ್ಸೆಯನ್ನೆಲ್ಲ ಕೊಡಲೇಬೇಕು ಅನ್ನುವುದೇ ಕ್ಯಾಥೊಲಿಕ್ ಬೋಧನೆ ಎಂದು ತುಂಬ ಜನ ನಂಬಿದ್ದಾರೆ. ಪೋಪ್ ಹೇಳಿದ್ದು ಹಾಗಲ್ಲ. ಜೀವ ಉಳಿಸಲು ಸಾಮಾನ್ಯ ಉಪಾಯಗಳನ್ನು ಮಾಡಲೇಬೇಕು, ಆದರೆ ರೋಗಿಗೋ ಬೇರೆಯವರಿಗೋ ಭಾರೀ ಹೊರೆಯಾಗುವ ಅಸಾಮಾನ್ಯ ಉಪಾಯಗಳು ಕಡ್ಡಾಯವಲ್ಲ ಎಂದರು. ಸಾವು ಯಾವ ಕ್ಷಣದಲ್ಲಿ ಆಯಿತು ಎಂದು ನಿರ್ಧರಿಸುವುದು ವೈದ್ಯರ ಕೆಲಸ, ಚರ್ಚಿನದಲ್ಲ ಅಂತಲೂ ಹೇಳಿದರು. ಇದು ಅವರು ಆವತ್ತು ಹುಡುಕಿದ ಯೋಚನೆಯೇನಲ್ಲ. 16ನೇ ಶತಮಾನದ ಸ್ಪೇನಿನ ಧರ್ಮಶಾಸ್ತ್ರಜ್ಞ ಫ್ರಾನ್ಸಿಸ್ಕೊ ದೆ ವಿಟೋರಿಯಾ ಇದರ ಬೀಜ ಹಾಕಿದ್ದರು.

ಇಲ್ಲಿ ‘ಸಾಮಾನ್ಯ’ ಎಂಬುದನ್ನು ಯಂತ್ರ ನೋಡಿ ತೀರ್ಮಾನಿಸುವುದಲ್ಲ. ನ್ಯುಮೋನಿಯಾ ಬಂದ ಯುವಕನಿಗೆ ನಾಲ್ಕು ದಿನ ವೆಂಟಿಲೇಟರ್ ಹಾಕಿದರೆ ಅವನು ಎದ್ದು ಮನೆಗೆ ಹೋಗಬಹುದು. ಕ್ಯಾನ್ಸರ್ ಮೈಯೆಲ್ಲ ಹರಡಿ ಕೊನೆಯ ಹಂತಕ್ಕೆ ಬಂದವರಿಗೆ ಅದೇ ವೆಂಟಿಲೇಟರ್ ಬರೀ ಹಿಂಸೆಯಾಗಬಹುದು. ಕ್ಯಾಥೊಲಿಕ್ ಚರ್ಚಿನ ಕೇಂದ್ರವಾದ ವ್ಯಾಟಿಕನ್ 1980ರಲ್ಲಿ ಹೊರಡಿಸಿದ ಘೋಷಣೆ ಇದನ್ನೇ ಹೇಳುತ್ತದೆ: ಚಿಕಿತ್ಸೆಯಿಂದ ಆಗುವ ಒಳ್ಳೆಯದಕ್ಕೂ ಅದರ ಹೊರೆಗೂ ತಾಳೆ ಇದೆಯೇ ನೋಡಿ.

ಅದೇ ಘೋಷಣೆ ದಯಾಮರಣವನ್ನು ಮಾತ್ರ ಒಪ್ಪುವುದೇ ಇಲ್ಲ. ನೋವು ಮುಗಿಸಬೇಕೆಂದು ಸಾವನ್ನೇ ಉದ್ದೇಶಿಸಿ ಏನಾದರೂ ಮಾಡುವುದು ತಪ್ಪು, ಏನನ್ನಾದರೂ ಮಾಡದೆ ಬಿಡುವುದೂ ತಪ್ಪು. ಸಾಯಲಿ ಅಂತಲೇ ಇನ್ಸುಲಿನ್ ಕೊಡದೆ ಸುಮ್ನೆ ಕೂತರೆ ಅದೂ ದಯಾಮರಣವೇ. ಗೆರೆ ಇರುವುದು ಕೈ ಆಡಿಸುವುದಕ್ಕೂ ಕೈಕಟ್ಟಿ ಕೂರುವುದಕ್ಕೂ ನಡುವೆ ಅಲ್ಲ. ಸಾವನ್ನು ಬಯಸುವುದಕ್ಕೂ, ತಡೆಯಲಾಗದ ಸಾವನ್ನು ಒಪ್ಪಿಕೊಳ್ಳುವುದಕ್ಕೂ ನಡುವೆ ಇದೆ.

ಮಾರ್ಫಿನ್ ವಿಷಯದಲ್ಲೂ ಇದೇ ಮಾತು. ಬೇರೆ ದಾರಿ ಇಲ್ಲದಿದ್ದರೆ, ಆಯಸ್ಸು ಸ್ವಲ್ಪ ಕಡಿಮೆಯಾಗಬಹುದು ಅನ್ನಿಸಿದರೂ ನೋವಿಗೆ ಔಷಧಿ ಕೊಡಬಹುದು ಎಂದು 1957ರ ಫೆಬ್ರವರಿಯಲ್ಲೇ ಪೋಪ್ ಹೇಳಿದ್ದರು. ಉದ್ದೇಶ ನೋವು ಇಳಿಸುವುದಾಗಿರಬೇಕು, ಅಷ್ಟೆ. ಆಮೇಲೆ ಪ್ಯಾಲಿಯೇಟಿವ್ ವೈದ್ಯರು, ಅಂದರೆ ಗುಣವಾಗದ ರೋಗಿಗಳ ನೋವು ಇಳಿಸುವ ವೈದ್ಯರು, ಕಂಡುಕೊಂಡದ್ದು ಇನ್ನೂ ಸಮಾಧಾನದ ಸಂಗತಿ. ಹಂತಹಂತವಾಗಿ, ನೋವಿಗೆ ತಕ್ಕಷ್ಟು ಕೊಟ್ಟ ಮಾರ್ಫಿನ್ ಸಾಮಾನ್ಯವಾಗಿ ಸಾವನ್ನು ಹತ್ತಿರ ತರುವುದಿಲ್ಲ. ಮಾರ್ಫಿನ್ ಕೊಟ್ಟರೆ ಸತ್ತೇಹೋಗುತ್ತಾರೆ ಎಂಬ ಹೆದರಿಕೆಗೆ ಬಲಿಯಾಗಿ ನರಳುತ್ತಾ ಮಲಗಿರುವವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೂ ಇದೆ. ಅಮೆರಿಕದ ತತ್ವಶಾಸ್ತ್ರಜ್ಞ ಜೇಮ್ಸ್ ರೇಚಲ್ಸ್ 1975ರಲ್ಲಿ ಕೇಳಿದರು: ಚಿಕಿತ್ಸೆ ನಿಲ್ಲಿಸಿ ದಿನಗಟ್ಟಲೆ ನರಳಲು ಬಿಡುವುದಕ್ಕಿಂತ ಒಂದು ಇಂಜೆಕ್ಷನ್ ಹೆಚ್ಚು ಕರುಣೆಯದ್ದಲ್ವಾ? ಫಲ ಒಂದೇ ಆದಾಗ ಗೆರೆ ಯಾಕೆ? ಪ್ರಶ್ನೆಯನ್ನು ತಳ್ಳಿಹಾಕಲು ಆಗುವುದಿಲ್ಲ. ಆದರೆ ಫಲ ಯಾವಾಗಲೂ ಒಂದೇ ಅಲ್ಲ. ಅದಕ್ಕೆ ಅಮೆರಿಕದ ಕರೆನ್ ಕ್ವಿನ್ಲನ್ ಎಂಬ ಯುವತಿಯ ಪ್ರಕರಣವೇ ಸಾಕ್ಷಿ. ಕೋಮಾದಲ್ಲಿದ್ದ ಮಗಳ ವೆಂಟಿಲೇಟರ್ ತೆಗೆಯಿರಿ ಎಂದು ಕ್ಯಾಥೊಲಿಕ್ ತಂದೆ ತಾಯಿ ಕೇಳಿದರು. 1976ರಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟ್ ಅದಕ್ಕೆ ದಾರಿ ಮಾಡಿಕೊಟ್ಟಿತು. ಪೋಪ್ ಆಡಿದ್ದ ಮಾತು ಆ ತೀರ್ಪಿನಲ್ಲೂ ಬಂತು. ಯಂತ್ರ ತೆಗೆದರು. ಆಕೆ ತಾನೇ ಉಸಿರಾಡಿದಳು! 1985ರವರೆಗೆ ಬದುಕಿದಳು. ಅಂದುಕೊಂಡದ್ದು ಆಗಲಿಲ್ಲ ಅಂತ ಯಾರೂ ಇನ್ನೊಂದು ಉಪಾಯಕ್ಕೆ ಕೈಹಾಕಲಿಲ್ಲ. ವಿಷದ ಇಂಜೆಕ್ಷನ್ ಕೊಟ್ಟವರು ರೋಗಿ ಬದುಕಿದರೆ ಎರಡನೆಯದನ್ನು ತರುತ್ತಾರೆ. ಉದ್ದೇಶ ಎಂದರೆ ಏನು ಅನ್ನುವುದು ನನಗೆ ಸ್ಪಷ್ಟವಾಗಿ ಕಾಣುವುದು ಇಲ್ಲೇ.

ಕಾನೂನುಗಳು ಬೇರೆ ಬೇರೆ ದಿಕ್ಕಿಗೆ ಹೋಗಿವೆ. ನೆದರ್‌ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ 2002ರಿಂದ, ಕೆನಡಾದಲ್ಲಿ 2016ರಿಂದ, ಸ್ಪೇನಿನಲ್ಲಿ 2021ರಿಂದ ಷರತ್ತುಗಳೊಂದಿಗೆ ವೈದ್ಯರೇ ಜೀವ ಮುಗಿಸಬಹುದು. ಭಾರತದಲ್ಲಿ ಅದು ಅಪರಾಧವೇ. ಆದರೆ ಗುಣವಾಗುವ ಆಸೆ ಇಲ್ಲದ ರೋಗಿಗೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಸುಪ್ರೀಂ ಕೋರ್ಟ್ 2011ರಲ್ಲಿ ಬಾಗಿಲು ತೆರೆಯಿತು, 2018ರಲ್ಲಿ ಲಿವಿಂಗ್ ವಿಲ್, ಅಂದರೆ ಮುಂದೆ ಎಚ್ಚರ ತಪ್ಪಿದರೆ ಯಾವ ಚಿಕಿತ್ಸೆ ಬೇಡ ಎಂಬ ಪತ್ರ, ಬರೆದಿಡುವುದನ್ನೂ ಒಪ್ಪಿತು. ಅದರ ವಿಧಾನ ಎಷ್ಟು ಜಟಿಲವಾಗಿತ್ತೆಂದರೆ 2023ರಲ್ಲಿ ಸರಳ ಮಾಡಬೇಕಾಯಿತು. ಈಗ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬೇಕಿಲ್ಲ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು.

ಎಲ್ಲಕ್ಕಿಂತ ಕಷ್ಟದ ಜಾಗ ಆಹಾರದ ಕೊಳವೆ. ಕ್ವಿನ್ಲನ್ ದಂಪತಿ ಅದನ್ನು ತೆಗೆಯಿರಿ ಎಂದು ಕೇಳಲೇ ಇಲ್ಲ. ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 1993ರಲ್ಲಿ ಅದನ್ನೂ ಚಿಕಿತ್ಸೆ ಎಂದೇ ಪರಿಗಣಿಸಿ, ನಿಲ್ಲಿಸಬಹುದು ಎಂದಿತು. ಪೋಪ್ 2ನೇ ಜಾನ್ ಪಾಲ್ 2004ರಲ್ಲಿ ಇದಕ್ಕೆ ವಿರುದ್ಧವಾಗಿ ಹೇಳಿದರು: ಅನ್ನ ನೀರು ಕೊಳವೆಯಲ್ಲಿ ಹೋದರೂ ಅನ್ನ ನೀರೇ. ದೇಹ ಅದನ್ನು ಹೀರಿಕೊಳ್ಳಲಾರದ ಸ್ಥಿತಿಗೆ ಬಂದರೆ, ಅಥವಾ ಅಪರೂಪಕ್ಕೆ ಅದೇ ರೋಗಿಗೆ ಭಾರೀ ಹೊರೆಯಾದರೆ ಬಿಡಬಹುದು ಎಂದು ವ್ಯಾಟಿಕನ್ 2007ರಲ್ಲಿ ಬಿಡಿಸಿ ಹೇಳಿತು. ವೆಂಟಿಲೇಟರ್ ತೆಗೆದರೆ ಉಸಿರು ತಾನಾಗಿ ಬರಬಹುದು. ಕೊಳವೆ ತೆಗೆದರೆ, ನುಂಗಲಾರದವರಿಗೆ ಬದುಕುವ ದಾರಿಯೇ ಇರುವುದಿಲ್ಲ. ಹಾಗಾಗಿ ಚರ್ಚಿನ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆದರೆ ಎಚ್ಚರವಿದ್ದಾಗಲೇ ಯೋಚಿಸಿ, ನನಗೆ ಕೊಳವೆ ಬೇಡ ಎಂದು ಒಬ್ಬರು ಸ್ಪಷ್ಟವಾಗಿ ಬರೆದಿಟ್ಟಿದ್ದರೆ, ಆ ಮಾತು ಮೀರಿ ಹಾಕುವುದು ಸರಿ ಎಂದು ಹೇಳಲು ನನ್ನಿಂದ ಆಗುವುದಿಲ್ಲ.